ಕುದುರೆ ಮೂತಿ ಬಾತಿದ್ರೆ ಮೊದ್ಲು ಉಸಿರು ನೋಡ್ರಿ, ಆಮೇಲೆ ಬಾವು ಮುಟ್ಟಿ ನೋಡ್ರಿ

ದಾವಣಗೆರೆಯಲ್ಲಿ ಮದುವೆ ಮೆರವಣಿಗೆಗೆ ಅಂತ ಕುದುರೆ ಸಾಕ್ಕೊಂಡೋರು ಇದಾರೆ, ಚಳ್ಳಕೆರೆ ಹಿರಿಯೂರು ಕಡೆ ಕುರಿ ಹಿಂಡಿನ ಜೊತೆ ಊರೂರು ತಿರುಗೋರ ಹತ್ರ ಹೇರು ಹೊರೋ ತಟ್ಟು ಕುದುರೆ ಇದಾವೆ, ಇವರಿಗೆ ಬೆಳಗ್ಗೆ ಎದ್ದಾಗ ಕುದುರೆ ಮೂತಿ ಊದ್ಕೊಂಡಿರೋದು ಕಂಡ್ರೆ ಮಾಡೋ ಕೆಲಸ ಎರಡೇ, ಒಂದು "ಏನಿಲ್ಲ ಬಿಡಣ್ಣ ಹುಳ ಕಚ್ಚಿರ್ಬೇಕು" ಅಂತ ಸುಮ್ನಾಗೋದು, ಇಲ್ಲಾಂದ್ರೆ ಔಷಧಿ ಅಂಗಡಿಗೆ ಹೋಗಿ ದನಕ್ಕೆ ಬಾವು ಬಂದಾಗ ಹಾಕ್ತಾರಲ್ಲ ಆ ಇಂಜೆಕ್ಷನ್ನೇ ತಂದು ಚುಚ್ಚಿಸೋದು. ಎರಡೂ ತಪ್ಪು. ಮೂತಿ ಬಾವು ಅನ್ನೋದು ಒಂದು ಕಾಯಿಲೆ ಅಲ್ಲ, ಹಾವು ಕಚ್ಚಿದ್ರೂ ಬಾಯುತ್ತೆ, ಹಲ್ಲಿನ ಬೇರು ಕೊಳೆತ್ರೂ ಬಾಯುತ್ತೆ, ವರ್ಷಗಟ್ಟಲೆ ಬರೀ ಬೂಸಾ ತಿನ್ಸಿದ್ರೂ ಬಾಯುತ್ತೆ, ಇವಕ್ಕೆಲ್ಲ ಒಂದೇ ಸೂಜಿ ಅಂದ್ರೆ ಹೆಂಗಾಗುತ್ತೆ? ಬಾವು ಎಲ್ಲೈತೆ, ಒಂದು ಕಡೆನಾ ಎರಡೂ ಕಡೆನಾ, ಮೆತ್ತಗೈತಾ ಗಟ್ಟಿ ಐತಾ, ಜ್ವರ ಐತಾ ಇಲ್ವಾ, ಇಷ್ಟು ನೀವೇ ನೋಡ್ಕೊಂಡ್ರೆ ಅರ್ಧ ಕಾಯಿಲೆ ಗೊತ್ತಾದಂಗೆ, ಡಾಕ್ಟ್ರಿಗೂ ಫೋನಲ್ಲೇ ಸರಿಯಾಗಿ ಹೇಳಬಹುದು. ಅದನ್ನೇ ಒಂದೊಂದಾಗಿ ಬರೀತೀನಿ.

ಎಲ್ಲಕ್ಕಿಂತ ಮೊದಲು ಉಸಿರು

ಕುದುರೆಗೆ ಬಾಯಲ್ಲಿ ಉಸಿರಾಡೋಕೆ ಬರಲ್ಲ. ನಾಯಿ ಬಾಯಿ ತೆಗೆದು ತೇಕುತ್ತೆ, ಎತ್ತು ಕೂಡ ತೇಕುತ್ತೆ, ಕುದುರೆಗೆ ಮಾತ್ರ ಮೂಗೇ ಗತಿ. ಅದಕ್ಕೇ ಮೂಗಿನ ಹತ್ರ ಬಾವು ಬಂದು ಎರಡೂ ಹೊಳ್ಳೆ ಮುಚ್ಕೊಂಡ್ರೆ ಉಸಿರುಗಟ್ಟಿ ಸಾಯುತ್ತೆ, ಅದೂ ಕೆಲವೇ ನಿಮಿಷದಲ್ಲಿ. ಹಂಗಾಗಿ ಬಾವು ಕಂಡ ಕೂಡ್ಲೇ ಹೊಳ್ಳೆ ಮುಂದೆ ಅಂಗೈ ಹಿಡಿದು ನೋಡ್ರಿ, ಎರಡೂ ಕಡೆಯಿಂದ ಗಾಳಿ ಸಮನಾಗಿ ಬರ್ತಾ ಐತಾ, ಉಸಿರಾಡುವಾಗ ಗೊರ್ ಅಂತ ಸದ್ದು ಬರ್ತಾ ಐತಾ, ಕತ್ತು ಮುಂದೆ ಚಾಚಿ ನಿಂತೈತಾ, ಮೇಲ್ತುಟಿ ಎತ್ತಿ ಒಸಡು ನೋಡಿದ್ರೆ ಗುಲಾಬಿ ಬಣ್ಣ ಐತಾ ಇಲ್ಲ ನೀಲಿ ತಿರುಗೈತಾ. ಸದ್ದು ಬರ್ತಿದ್ರೆ, ಕತ್ತು ಚಾಚಿದ್ರೆ, ಬೇರೆ ಯಾವ ಪರೀಕ್ಷೆನೂ ಬೇಡ, ಮೊದ್ಲು 1962ಗೆ ಫೋನ್ ಮಾಡ್ರಿ, ಅದು ಪಶು ಸಂಜೀವಿನಿ ಸಂಚಾರಿ ಪಶು ಆಸ್ಪತ್ರೆ ನಂಬರು, ಜೊತೆಗೇ ನಿಮ್ಮೂರಿನ ಪಶು ಡಾಕ್ಟ್ರಿಗೂ ಮಾಡ್ರಿ, ಒಬ್ಬರಿಗೇ ಕಾಯ್ತಾ ಕೂರಬೇಡ್ರಿ.

ಡಾಕ್ಟ್ರು ಬರೋವರೆಗೆ ಮುಖದ ಹಗ್ಗ, ಲಗಾಮು ಎಲ್ಲ ಬಿಚ್ಚಿಬಿಡ್ರಿ. ಇದನ್ನ ಎಷ್ಟೋ ಜನ ಮರೀತಾರೆ, ಬಾವು ಏರ್ತಾ ಏರ್ತಾ ಹಗ್ಗ ಚರ್ಮದೊಳಗೆ ಹೂತ್ಕೊಂಡು ಗಾಯ ಆಗುತ್ತೆ, ಹಿಡ್ಕೊಳ್ಳೋಕೆ ಬೇಕಂದ್ರೆ ಕತ್ತಿಗೆ ಒಂದು ಮೆತ್ತನೆ ಹಗ್ಗ ಸಡಿಲವಾಗಿ ಹಾಕ್ರಿ. ನೆರಳಲ್ಲಿ ನಿಲ್ಸ್ರಿ, ನಡೆಸಬೇಡ್ರಿ, ಸುತ್ತ ಜನ ಸೇರೋಕೆ ಬಿಡಬೇಡ್ರಿ. ತಲೆ ಕೆಳಗೆ ಜೋತು ಬೀಳದಂಗೆ ನೋಡ್ಕೊಳ್ರಿ, ಭುಜದ ಎತ್ತರಕ್ಕೆ ಒಂದು ಹುಲ್ಲಿನ ಹೊರೆ ಇಲ್ಲ ಚೀಲ ಜೋಡಿಸಿ ಅದರ ಮೇಲೆ ಗಲ್ಲ ಇಟ್ಕೊಳ್ಳೋಕೆ ಬಿಟ್ರೆ ಬಾವಿನ ನೀರು ಮೂತಿಗೆ ಇಳಿಯೋದು ಕಮ್ಮಿ ಆಗುತ್ತೆ. ಮುಖ್ಯವಾಗಿ ಬಾಯಿಗೆ ಏನೂ ಹೊಯ್ಯಬೇಡ್ರಿ. ಎಣ್ಣೆ, ಬೆಲ್ಲದ ನೀರು, ಗೊಟ್ಟದಲ್ಲಿ ಕಷಾಯ, ಯಾವುದೂ ಬೇಡ, ಗಂಟಲು ಬಾತಿರೋ ಕುದುರೆಗೆ ಹೊಯ್ದಿದ್ದು ಶ್ವಾಸಕೋಶಕ್ಕೆ ಹೋದ್ರೆ ಬಾವಿಂದ ಉಳಿದ ಕುದುರೆ ನ್ಯುಮೋನಿಯಾದಿಂದ ಹೋಗುತ್ತೆ.

ಹೊಳ್ಳೆ ಇನ್ನೂ ಪೂರ್ತಿ ಮುಚ್ಚಿಲ್ಲ ಆದ್ರೆ ಬಾವು ಕಣ್ಣೆದುರೇ ಏರ್ತಾ ಐತೆ ಅಂದ್ರೆ ಡಾಕ್ಟ್ರು ಮೂಗಿಗೆ ನಳಿಕೆ ಹಾಕ್ತಾರೆ. ಅವರು ದೂರ ಇದ್ರೆ ಫೋನಲ್ಲಿ ಕೇಳ್ಕೊಂಡು ನೀವೇ ಮಾಡಬೇಕಾಗಬಹುದು, ಹೊಳ್ಳೆಗೆ ಸಲೀಸಾಗಿ ಹೋಗೋ ದಪ್ಪದ ಮೆತ್ತನೆ ಪೈಪು ಇಲ್ಲ ದೊಡ್ಡ ಸಿರಿಂಜಿನ ಹೊರಗಿನ ಕೊಳವೆ, ಸುಮಾರು 15 ಸೆಂ.ಮೀ. ಉದ್ದಕ್ಕೆ ಕಟ್ ಮಾಡಿ, ಅಂಚು ಚೂಪಿಲ್ಲದಂಗೆ ಬೆಂಕಿಗೆ ಹಿಡಿದು ನುಣುಪು ಮಾಡಿ, ಆರಿದ ಮೇಲೆ ವ್ಯಾಸಲಿನ್ ಸವರಿ, ಹೊಳ್ಳೆಯ ಒಳಮಗ್ಗುಲಲ್ಲಿ ತಳಕ್ಕೆ ಒರೆಸಿದಂಗೆ ಮೆಲ್ಲಗೆ ತಳ್ಳಿ, ಹೊರಗಿನ ತುದಿ ಟೇಪಲ್ಲಿ ಭದ್ರ ಮಾಡಬೇಕು, ಇಲ್ಲಾಂದ್ರೆ ಸೀನಿದಾಗ ಹಾರಿ ಹೋಗುತ್ತೆ ಅಥವಾ ಒಳಗೆ ಎಳ್ಕೊಳ್ಳುತ್ತೆ. ಮೂಗು ಪೂರ್ತಿ ಮುಚ್ಚಿದ ಮೇಲೆ ಇದು ಹೋಗಲ್ಲ, ಆಗ ಡಾಕ್ಟ್ರು ಕತ್ತಿನ ಉಸಿರು ಕೊಳವೆಗೇ ತೂತು ಮಾಡಬೇಕಾಗುತ್ತೆ.

ಉಸಿರು ಸರಿ ಇದ್ರೆ ಥರ್ಮಾಮೀಟರ್ ತಗೊಳ್ರಿ

ಕುದುರೆ ಇಟ್ಕೊಂಡ ಮೇಲೆ ಒಂದು ಡಿಜಿಟಲ್ ಥರ್ಮಾಮೀಟರ್ ಇರಲೇಬೇಕು, ಮನುಷ್ಯರದ್ದೇ ಆಗುತ್ತೆ. ನೆರಳಲ್ಲಿ ಸ್ವಲ್ಪ ಹೊತ್ತು ನಿಲ್ಸಿದ ಮೇಲೆ ಕುದುರೆ ಹಿಂದೆ ಅಲ್ಲ, ಪಕ್ಕದಲ್ಲಿ ತೊಡೆಗೆ ಒತ್ತಿ ನಿಂತು, ಬಾಲ ಪಕ್ಕಕ್ಕೆ ಸರಿಸಿ, ತುದಿಗೆ ವ್ಯಾಸಲಿನ್ ಹಚ್ಚಿ ಗುದದೊಳಗೆ ಇಡ್ರಿ, ಹಿಂದಿನ ತುದಿಗೆ ದಾರ ಕಟ್ಟಿರ್ರಿ. ದೊಡ್ಡ ಕುದುರೆಗೆ 99ರಿಂದ 101.5 ಡಿಗ್ರಿ ಫ್ಯಾರನ್‌ಹೀಟ್ ಸರಿಯಾದ್ದು. ಚಳ್ಳಕೆರೆ ಬಿಸಿಲಲ್ಲಿ ಹೇರು ಹೊತ್ತು ಬಂದ ತಕ್ಷಣ ನೋಡಿದ್ರೆ ಜಾಸ್ತಿ ತೋರ್ಸುತ್ತೆ, ಅದು ಜ್ವರ ಅಲ್ಲ, ಅದಕ್ಕೇ ಬೆಳಗಿನ ಜಾವದ ಲೆಕ್ಕ ಒಳ್ಳೇದು. ನಾಡಿ ಕೆಳದವಡೆ ಅಂಚಲ್ಲಿ ಸಿಗುತ್ತೆ, ದವಡೆ ಮೂಳೆಯ ಒಳಅಂಚಿಗೆ ಎರಡು ಬೆರಳು ಇಟ್ಟು ಉರುಳಿಸಿದ್ರೆ ದಾರದಂಥ ರಕ್ತನಾಳ ಮಿಡಿಯೋದು ಗೊತ್ತಾಗುತ್ತೆ, 15 ಸೆಕೆಂಡು ಎಣಿಸಿ 4ರಿಂದ ಗುಣಿಸ್ರಿ, ಸುಮ್ನೆ ನಿಂತಿರೋ ಕುದುರೆಗೆ ನಿಮಿಷಕ್ಕೆ 28ರಿಂದ 44, ಸಣ್ಣ ತಟ್ಟುಗಳಿಗೆ ಸ್ವಲ್ಪ ಜಾಸ್ತಿ ಇರಬಹುದು. ಉಸಿರು ನಿಮಿಷಕ್ಕೆ 8ರಿಂದ 16.

ಆಮೇಲೆ ಬಾವು ಮುಟ್ರಿ. ಎಡ ಭುಜದ ಹತ್ರ ನಿಂತು, ಮಾತಾಡಿಸ್ತಾ, ಮೊದ್ಲು ಬಾವಿಲ್ಲದ ಕಡೆ ಸವರಿ ಆಮೇಲೆ ಬಾವಿನ ಕಡೆ ಬರ್ರಿ. ಹೆಬ್ಬೆರಳಿಂದ ಸುಮಾರು 10 ಸೆಕೆಂಡು ಒತ್ತಿ ಬಿಡ್ರಿ, ಗುಳಿ ಹಂಗೇ ಉಳಿದ್ರೆ ಒಳಗೆ ನೀರು ತುಂಬೈತೆ ಅಂತ ಅರ್ಥ. ಬಿಸಿ ಇದ್ದು ಮುಟ್ಟಿದ್ರೆ ತಲೆ ಕಿತ್ಕೊಂಡ್ರೆ ಕೀವು ಇಲ್ಲ ಪೆಟ್ಟು. ಒತ್ತಿದಾಗ ಚರ್ಮದ ಕೆಳಗೆ ಚರಚರ ಅಂದ್ರೆ ಗಾಳಿ ಸೇರೈತೆ, ಮುಖದ ಮೂಳೆ ಮುರಿದು ಸೈನಸ್, ಅಂದ್ರೆ ಮೂಳೆಯೊಳಗಿನ ಗಾಳಿ ಪೊಳ್ಳು, ಒಡೆದಿರಬಹುದು. ಕಲ್ಲಿನಂಗೆ ಗಟ್ಟಿ ಇದ್ದು ನೋವೇ ಇಲ್ಲ ಅಂದ್ರೆ ಮೂಳೆಯದ್ದು. ಒಂದೊಂದು ಹೊಳ್ಳೆಯನ್ನೂ ಬೇರೆ ಬೇರೆ ಮೂಸಿ ನೋಡ್ರಿ, ಹೊಲಸು ಅನ್ಸಬಹುದು ಆದ್ರೆ ಒಂದೇ ಹೊಳ್ಳೆಯಿಂದ ಕೊಳೆತ ವಾಸನೆ ಬಂದ್ರೆ ಆ ಒಂದು ಗುರುತು ಬೇರೆಲ್ಲ ಗುರುತಿಗಿಂತ ಜಾಸ್ತಿ ಹೇಳುತ್ತೆ. ಆದ್ರೆ ಹೊಳ್ಳೆಯಿಂದ ಅಂಟು ಸಿಂಬಳ ಸುರೀತಿದ್ರೆ, ಮೈಮೇಲೆ ಗಂಟು ಇದ್ರೆ ಮೂಸೋಕೆ ಹೋಗಬೇಡ್ರಿ, ಯಾಕೆ ಅಂತ ಮುಂದೆ ಗ್ಲಾಂಡರ್ಸ್ ಅನ್ನೋ ಕಾಯಿಲೆ ಹತ್ರ ಹೇಳ್ತೀನಿ. ಒಂದು ಹಿಡಿ ಹುಲ್ಲು ಕೊಟ್ಟು ಅಗಿಯೋದು ನೋಡ್ರಿ, ಒಂದೇ ಕಡೆ ಅಗೀತಾ ಐತಾ, ಅರ್ಧ ಅಗಿದ ಉಂಡೆ ಉಗುಳ್ತಾ ಐತಾ. ಇನ್ನೊಂದು ಎಚ್ಚರ, ಜೊಲ್ಲು ಸುರಿಸ್ತಾ ನುಂಗೋಕೆ ಆಗದೆ ವಿಚಿತ್ರವಾಗಿ ಆಡ್ತಿದ್ರೆ ಬಾಯೊಳಗೆ ಕೈ ಹಾಕಲೇಬೇಡ್ರಿ, ರೇಬೀಸ್ ಇರಬಹುದು, ನಾಯಿ ಕಚ್ಚಿದ್ದು ನಮಗೆ ಗೊತ್ತೇ ಆಗಿರಲ್ಲ.

ಮುಂದಿನಿಂದ, ಎರಡೂ ಪಕ್ಕದಿಂದ ಫೋಟೋ ತಗೊಳ್ರಿ, ಬಾವಿನ ಅಂಚಿಗೆ ಮಾರ್ಕರ್ ಪೆನ್ನಲ್ಲಿ ಗೆರೆ ಎಳೆದು ಟೈಮ್ ಬರೀರಿ. ಗೆರೆ ದಾಟಿ ಬಾವು ಹೋಯ್ತಾ ಇಲ್ವಾ ಅನ್ನೋದು ಡಾಕ್ಟ್ರಿಗೆ ಬಹಳ ಬೇಕಾಗುತ್ತೆ.

ರಾತ್ರೋರಾತ್ರಿ ಬಂದ ಮೆತ್ತನೆ ಬಾವು

ಸಂಜೆ ಚೆನ್ನಾಗಿತ್ತು, ಬೆಳಗ್ಗೆ ಮೂತಿ ಎರಡು ಪಟ್ಟು ಆಗೈತೆ ಅಂದ್ರೆ ಮೊದ್ಲು ಹಾವಿನ ಅನುಮಾನ ಇಟ್ಕೊಳ್ರಿ. ಮೆಕ್ಕೆಜೋಳದ ಸಪ್ಪೆ ಬಣವೆ, ಶೇಂಗಾ ಹೊಟ್ಟಿನ ಗುಡ್ಡೆ ಇವುಗಳಲ್ಲಿ ಇಲಿ ಇರ್ತಾವೆ, ಇಲಿ ಹಿಂದೆ ಹಾವು ಬರುತ್ತೆ, ಕುದುರೆ ಮೇವಿಗೆ ಮೂತಿ ಹಾಕುತ್ತೆ, ಕಚ್ಚೋದು ಮೂತಿಗೇ. ಕೊಳಕುಮಂಡಲ ಕಚ್ಚಿದ್ರೆ ಬಾವು ಬೇಗ ಏರುತ್ತೆ, ತುಂಬ ನೋವಿರುತ್ತೆ, ಮೂಗಿಂದ ಒಸಡಿಂದ ರಕ್ತ ಒಸರಬಹುದು. ಹಲ್ಲಿನ ಗುರುತು ಹುಡುಕ್ತಾ ಕೂರಬೇಡ್ರಿ, ಕೂದಲು ಬಾವಿನ ಮಧ್ಯೆ ಎಷ್ಟೋ ಸಲ ಕಾಣಲ್ಲ. ಡಾಕ್ಟ್ರು ಒಂದು ಸರಳ ಪರೀಕ್ಷೆ ಮಾಡ್ತಾರೆ, ಒಣಗಿದ ಸ್ವಚ್ಛ ಗಾಜಿನ ಟ್ಯೂಬಿಗೆ ಸ್ವಲ್ಪ ರಕ್ತ ತಗೊಂಡು 20 ನಿಮಿಷ ಅಲ್ಲಾಡಿಸದೆ ಇಡೋದು, ಹೆಪ್ಪುಗಟ್ಟಿಲ್ಲ ಅಂದ್ರೆ ಮಂಡಲದ ವಿಷ ರಕ್ತಕ್ಕೆ ಸೇರೈತೆ ಅಂತ. ನಮ್ಮ ದೇಶದಲ್ಲಿ ಸಿಗೋ ಹಾವಿನ ವಿಷದ ಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಕೆಲಸ ಮಾಡೋಂಥದ್ದು, ಯಾವ ಹಾವು ಅಂತ ಹುಡುಕಿ ಹೊಡೆಯೋ ಅಗತ್ಯ ಇಲ್ಲ. ಕೊಯ್ಯೋದು, ಕಟ್ಟೋದು, ಸುಡೋದು, ಐಸ್ ಇಡೋದು, ಸೊಪ್ಪಿನ ರಸ ಮೂಗಿಗೆ ಬಿಡೋದು ಇವೆಲ್ಲ ಟೈಮ್ ಹಾಳು ಅಷ್ಟೇ ಅಲ್ಲ, ರಕ್ತ ಹೆಪ್ಪುಗಟ್ಟದ ಪ್ರಾಣಿಗೆ ಕೊಯ್ದ್ರೆ ರಕ್ತ ನಿಲ್ಲಲ್ಲ.

ಎರಡನೇದು ಜೇನು. ಚಿತ್ರದುರ್ಗದ ಬಂಡೆಗಳಲ್ಲಿ ಹೆಜ್ಜೇನು ಕಟ್ಟೋದು ಎಲ್ಲರಿಗೂ ಗೊತ್ತು, ಕಟ್ಟಿ ಹಾಕಿದ ಕುದುರೆಗೆ ಓಡೋಕೂ ಆಗಲ್ಲ. ಜೇನು ಎದ್ದಿರುವಾಗ ಹತ್ರ ಹೋಗಬೇಡ್ರಿ, ನಿಮ್ಮ ಜೀವನೂ ಮುಖ್ಯ, ಸಾಧ್ಯ ಆದ್ರೆ ಹೊಗೆ ಹಾಕಿ ಹಗ್ಗ ಕೊಯ್ದು ಬಿಡ್ರಿ. ಆಮೇಲೆ ಮುಳ್ಳುಗಳನ್ನ ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ ಕೆರೆದು ತೆಗೀರಿ, ತಣ್ಣೀರು ಬಟ್ಟೆ ಹಾಕ್ರಿ. ಒಂದೆರಡು ಕಚ್ಚಿದ್ರೆ ಇಳಿಯುತ್ತೆ. ನೂರಾರು ಕಚ್ಚಿದ್ರೆ, ಮೈ ನಡುಗ್ತಾ ಬೆವರು ಬಂದ್ರೆ, ಉಚ್ಚೆ ಕಂದು ಬಣ್ಣಕ್ಕೆ ತಿರುಗಿದ್ರೆ ಮೂತ್ರಪಿಂಡಕ್ಕೆ ಏಟು ಬೀಳ್ತಾ ಐತೆ, ಡ್ರಿಪ್ ಬೇಕಾಗುತ್ತೆ, ಮನೇಲಿ ಆಗೋ ಕೆಲಸ ಅಲ್ಲ.

ಇನ್ನು ಭಯ ಇಲ್ಲದ್ದೂ ಒಂದೈತೆ. ಮುಂಗಾರಿನ ಮೊದಲ ಹಸಿರು ಎದ್ದಾಗ ಮೇಯೋಕೆ ಬಿಟ್ಟ ಕುದುರೆಗೆ ಕಿವಿ ಕೆಳಗೆ ದವಡೆ ಹಿಂದೆ ಎರಡೂ ಕಡೆ ಮೆತ್ತಗೆ ಊದ್ಕೊಂಡಿರುತ್ತೆ, ನೋವಿಲ್ಲ, ಜ್ವರ ಇಲ್ಲ, ಮೇವು ಚೆನ್ನಾಗಿ ತಿನ್ನುತ್ತೆ. ಅದು ಜೊಲ್ಲಿನ ಗ್ರಂಥಿ, ಲಾಯದಲ್ಲಿ ಕಟ್ಟಿ ಒಣಹುಲ್ಲು ಕೊಟ್ರೆ ಒಂದೆರಡು ದಿನದಲ್ಲಿ ತಾನೇ ಇಳಿಯುತ್ತೆ. ಹಂಗೇ ನಿತ್ರಾಣ ಆಗಿ ತಲೆ ಜೋತುಹಾಕಿ ನಿಂತ ಕುದುರೆಗೂ ಮೂತಿಗೆ ನೀರು ಇಳಿಯುತ್ತೆ, ಅಲ್ಲಿ ಬಾವಲ್ಲ ಕಾಯಿಲೆ, ತಲೆ ಯಾಕೆ ಎತ್ತುತ್ತಿಲ್ಲ ಅನ್ನೋದು ಕಾಯಿಲೆ.

ಕತ್ತಿನ ರಕ್ತನಾಳಕ್ಕೆ ಇಂಜೆಕ್ಷನ್ ಹಾಕ್ಸಿದ ಮೇಲೆ ಆ ಕಡೆ ಮುಖ ಊದಿದ್ರೆ ಕತ್ತಿನ ಮೇಲೆ ಕೈ ಆಡಿಸಿ ನೋಡ್ರಿ, ರಕ್ತನಾಳ ಹಗ್ಗದಂಗೆ ಗಟ್ಟಿ ಸಿಕ್ಕಿದ್ರೆ ಅದು ಮುಚ್ಕೊಂಡೈತೆ, ಮತ್ತೆ ಆ ಕಡೆ ಸೂಜಿ ಬೇಡ, ಇನ್ನೊಂದು ಕಡೆದನ್ನೂ ಹಾಳು ಮಾಡ್ಕೊಂಡ್ರೆ ಇಡೀ ತಲೆ ಬಾಯುತ್ತೆ.

ದವಡೆ ಕೆಳಗೆ ಗಡ್ಡೆ, ಜೊತೆಗೆ ಜ್ವರ

ಕೆಳದವಡೆಯ ಎರಡು ಮೂಳೆ ಮಧ್ಯದ ಸಂದಿನಲ್ಲಿ ಗಡ್ಡೆ, ಬಿಸಿ, ನೋವು, ಮೇವು ಬಿಟ್ಟೈತೆ, ಎರಡೂ ಹೊಳ್ಳೆಯಿಂದ ಗಟ್ಟಿ ಹಳದಿ ಸಿಂಬಳ, ಜ್ವರ 103, 104, ಒಂದೊಂದು ಸಲ 105ರ ಮೇಲೆ. ಇದು ಸ್ಟ್ರಾಂಗಲ್ಸ್ ಅನ್ನೋ ಕಾಯಿಲೆ, ಸ್ಟ್ರೆಪ್ಟೋಕಾಕಸ್ ಈಕ್ವಿ ಅನ್ನೋ ಬ್ಯಾಕ್ಟೀರಿಯಾ ಕಾರಣ. ಸೋಂಕು ತಗುಲಿ 3ರಿಂದ 14 ದಿನಕ್ಕೆ ಜ್ವರ ಬರುತ್ತೆ, ಆಮೇಲೆ ಒಂದೆರಡು ವಾರದಲ್ಲಿ ಗಡ್ಡೆ ಒಡೆದು ಕೀವು ಬರುತ್ತೆ. ಹರಡೋದು ಬಕೆಟ್ಟಿಂದ, ತೊಟ್ಟಿ ನೀರಿಂದ, ಒಂದೇ ಬಟ್ಟೆಯಲ್ಲಿ ಎಲ್ಲ ಕುದುರೆ ಮೂತಿ ಒರೆಸೋದರಿಂದ, ನಮ್ಮ ಕೈಯಿಂದ. ನೀರಿನ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ವಾರಗಟ್ಟಲೆ ಬದುಕಿರುತ್ತೆ.

ಗಡ್ಡೆ ಹಣ್ಣಾಗಲಿ ಅಂತ ಬಿಸಿನೀರಿನ ಶಾಖ ಕೊಡ್ರಿ, ನಿಮ್ಮ ಮೊಣಕೈಗೆ ತಡೆಯೋಷ್ಟು ಬಿಸಿ, ದಪ್ಪ ಬಟ್ಟೆ ಅದ್ದಿ ಹಿಂಡಿ 15 ನಿಮಿಷ, ದಿನಕ್ಕೆ ಮೂರ್ನಾಲ್ಕು ಸಲ. ಬ್ಲೇಡ್ ತಗೊಂಡು ನೀವೇ ಕೊಯ್ಯಬೇಡ್ರಿ, ಆ ಜಾಗದಲ್ಲಿ ರಕ್ತನಾಳ, ಜೊಲ್ಲಿನ ನಾಳ ಎಲ್ಲ ಹಾದು ಹೋಗ್ತಾವೆ, ಮೆತ್ತಗಾದ ಮೇಲೆ ಡಾಕ್ಟ್ರು ಕೊಯ್ತಾರೆ. ಒಡೆದ ಮೇಲೆ ಪೊವಿಡೋನ್ ಅಯೋಡಿನ್ ತೆಳ್ಳಗೆ ಮಾಡಿ ದಿನಾ ತೊಳೀರಿ, ಕೈಗೆ ಗ್ಲೌಸ್ ಹಾಕ್ರಿ, ಕೀವಿನ ಹತ್ತಿ ಸುಟ್ಟುಬಿಡ್ರಿ, ನೊಣ ಕೂತು ಹುಳ ಆಗದಂಗೆ ಸುತ್ತ ನೊಣದ ಮುಲಾಮು ಹಚ್ರಿ. ಮೇವು ನೆನೆಸಿ ಮೆತ್ತಗೆ ಕೊಡ್ರಿ.

ಆ್ಯಂಟಿಬಯೋಟಿಕ್ ವಿಚಾರದಲ್ಲಿ ಜನ ಆತುರ ಪಡ್ತಾರೆ. ಗಡ್ಡೆ ಹಣ್ಣಾಗ್ತಾ ಇರುವಾಗ, ಕುದುರೆ ಉಸಿರು ಸರಿ ಇದ್ದಾಗ, ಪೆನಿಸಿಲಿನ್ ಶುರು ಮಾಡಿದ್ರೆ ಗಡ್ಡೆ ಅರ್ಧಕ್ಕೆ ನಿಲ್ಲುತ್ತೆ, ಔಷಧಿ ನಿಲ್ಲಿಸಿದ ಕೂಡ್ಲೇ ಮತ್ತೆ ಏಳುತ್ತೆ. ಉಸಿರಿಗೆ ತೊಂದ್ರೆ ಇದ್ರೆ, ಜ್ವರ ಇಳೀತಾನೇ ಇಲ್ಲ ಅಂದ್ರೆ ಆಗ ಬೇಕೇಬೇಕು, ಅದನ್ನ ಡಾಕ್ಟ್ರು ನೋಡಿ ಹೇಳಬೇಕು, ಅಂಗಡಿಯವನಲ್ಲ.

ಉಳಿದ ಕುದುರೆಗಳಿಗೆ ಬೆಳಗ್ಗೆ ಸಂಜೆ ಜ್ವರ ನೋಡ್ರಿ. ಜ್ವರ ಬಂದ ಒಂದೆರಡು ದಿನ ಆದ ಮೇಲೇನೇ ಆ ಕುದುರೆ ಮೂಗಿಂದ ಸೋಂಕು ಹೊರಗೆ ಬರೋದು, ಹಂಗಾಗಿ ಜ್ವರ ಕಂಡ ದಿನವೇ ಬೇರೆ ಕಟ್ಟಿದ್ರೆ ಉಳಿದವು ಉಳೀತಾವೆ, ಸಿಂಬಳ ಬರಲಿ ನೋಡೋಣ ಅಂದ್ರೆ ತಡ ಆಯ್ತು. ಚೆನ್ನಾಗಿರೋವಕ್ಕೆ ಮೊದ್ಲು ನೀರು ಮೇವು ಹಾಕಿ ಆಮೇಲೆ ಕಾಯಿಲೆದರ ಹತ್ರ ಹೋಗ್ರಿ, ವಾಪಸ್ ಬರುವಾಗ ಸೋಪಲ್ಲಿ ಕೈ ತೊಳೀರಿ. ಕೀವು, ಸಿಂಬಳ ಪೂರ್ತಿ ನಿಂತ ಮೇಲೂ ಕಮ್ಮಿ ಅಂದ್ರೆ ಮೂರು ವಾರ ಎಲ್ಲಿಗೂ ಕಳಿಸಬೇಡ್ರಿ. ಮದುವೆ ಸೀಸನ್ನಲ್ಲಿ ಮುಂಗಡ ಹಣ ತಗೊಂಡಿರ್ತೀರಿ, ಬಾಡಿಗೆ ಹೋಗುತ್ತೆ ಅನ್ನೋ ಸಂಕಟ ನಂಗೂ ಅರ್ಥ ಆಗುತ್ತೆ, ಆದ್ರೆ ಮೆರವಣಿಗೆಯಲ್ಲಿ ಪಕ್ಕ ನಿಲ್ಲೋ ಇನ್ನೊಬ್ಬರ ಕುದುರೆಗೂ ಹೊಟ್ಟೆಪಾಡು ಕಟ್ಟಿರುತ್ತೆ.

ವಾಸಿ ಆಗಿ ಎರಡರಿಂದ ನಾಲ್ಕು ವಾರಕ್ಕೆ ಮತ್ತೆ ಮೂತಿ, ಕಾಲು, ಹೊಟ್ಟೆ ಕೆಳಗೆ ನೀರು ತುಂಬಿ ಬಾತ್ರೆ, ಒಸಡಲ್ಲಿ ಕೆಂಪು ಚುಕ್ಕೆ ಕಂಡ್ರೆ ಕಾಯಬೇಡ್ರಿ, ಸ್ಟ್ರಾಂಗಲ್ಸ್ ಬಂದು ಹೋದ ಮೇಲೆ ರಕ್ತನಾಳಗಳೇ ಸೋರೋಕೆ ಶುರುವಾಗೋ ತೊಂದ್ರೆ ಅದು, ಪರ್‌ಪುರಾ ಅಂತಾರೆ, ಸ್ಟೀರಾಯ್ಡ್ ಬೇಕಾಗುತ್ತೆ.

ಇಲ್ಲೇ ಗ್ಲಾಂಡರ್ಸ್ ಬಗ್ಗೆ ಹೇಳಿಬಿಡ್ತೀನಿ. ದವಡೆ ಕೆಳಗಿನ ಗಡ್ಡೆ ಗಟ್ಟಿಯಾಗಿ ಅಂಟ್ಕೊಂಡಂಗೆ ಐತೆ, ಒಡೀತಾ ಇಲ್ಲ, ಮೂಗಿಂದ ಅಂಟಂಟು ಸಿಂಬಳ ಅದರಲ್ಲಿ ರಕ್ತ, ಮೂಗಿನೊಳಗೆ ಹುಣ್ಣು, ಮೈಮೇಲೆ ಕಾಲಮೇಲೆ ಸಾಲಾಗಿ ಗಂಟು ಎದ್ದು ಒಡೆದು ಜೇನಿನ ಬಣ್ಣದ ಕೀವು ಬರ್ತಾ ಐತೆ ಅಂದ್ರೆ ಮುಟ್ಟಬೇಡ್ರಿ. ಇದು ಮನುಷ್ಯರಿಗೂ ಬರುತ್ತೆ, ಬಂದ್ರೆ ಪ್ರಾಣಕ್ಕೆ ಅಪಾಯ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯ್ದೆ ಪ್ರಕಾರ ಪಶುಪಾಲನಾ ಇಲಾಖೆಗೆ ತಿಳಿಸಲೇಬೇಕು. ರಕ್ತದ ಮಾದರಿಯನ್ನ ಹರಿಯಾಣದ ಹಿಸಾರಿನಲ್ಲಿರೋ ರಾಷ್ಟ್ರೀಯ ಕುದುರೆ ಸಂಶೋಧನಾ ಕೇಂದ್ರದಲ್ಲಿ ಖಚಿತ ಮಾಡ್ತಾರೆ, ಇದಕ್ಕೆ ಚಿಕಿತ್ಸೆ ಮಾಡಲ್ಲ, ದೃಢಪಟ್ಟ ಕುದುರೆಯನ್ನ ದಯಾಮರಣ ಮಾಡಿ ಮಾಲೀಕರಿಗೆ ಪರಿಹಾರ ಕೊಡ್ತಾರೆ. ಹೆದರಿ ರಾತ್ರೋರಾತ್ರಿ ಬೇರೆ ಸಂತೆಗೆ ಹೊಡ್ಕೊಂಡು ಹೋಗಿ ಮಾರಿಬಿಡೋದು ಮಾತ್ರ ಮಾಡಬೇಡ್ರಿ, ಕೊಂಡೋನ ಮನೆ ಮಕ್ಕಳೂ ಅದರ ಮೈ ಮುಟ್ತಾರೆ.

ಒಂದೇ ಕಡೆ, ಕಣ್ಣಿನ ಕೆಳಗೆ, ಒಂದೇ ಹೊಳ್ಳೆ ವಾಸನೆ

ಇದು ಹಲ್ಲು. ಮೇಲ್ದವಡೆಯ ಹಿಂದಿನ ಹಲ್ಲುಗಳ ಬೇರು ಸೈನಸ್ ಒಳಗೇ ಇರ್ತಾವೆ, ಹಲ್ಲು ಸೀಳಿ ಮೇವು ಸಿಕ್ಕಿ ಬೇರು ಕೊಳೆತ್ರೆ ಕೀವು ಸೈನಸ್ಸಿಗೆ ತುಂಬಿ ಒಂದೇ ಹೊಳ್ಳೆಯಿಂದ ಇಳಿಯುತ್ತೆ, ತಲೆ ಬಗ್ಗಿಸಿದಾಗ ಜಾಸ್ತಿ. ಬಾಯಿ ಸ್ವಲ್ಪ ತೆಗೆಸಿ ಹಣೆ ಕೆನ್ನೆ ಮೂಳೆ ಮೇಲೆ ಬೆರಳಿಂದ ತಟ್ಟಿದ್ರೆ ಚೆನ್ನಾಗಿರೋ ಕಡೆ ಡೊಳ್ಳಿನಂಗೆ ಪೊಳ್ಳು ಸದ್ದು, ಕೀವು ತುಂಬಿದ ಕಡೆ ಮಂದ ಸದ್ದು. ಕೆಳದವಡೆ ಹಲ್ಲಾದ್ರೆ ದವಡೆ ಮೂಳೆ ಕೆಳಗೇ ಗಂಟಾಗಿ, ಒಡೆದು ತೂತಾಗಿ, ವಾಸಿ ಆಗದೆ ತಿಂಗಳುಗಟ್ಟಲೆ ಸೋರುತ್ತೆ.

ನಮ್ಮ ಕಡೆ ಇದಕ್ಕೇ ಜಾಸ್ತಿ ದುಡ್ಡು ಕಳ್ಕೊಳ್ಳೋದು. ಐದು ದಿನ ಇಂಜೆಕ್ಷನ್, ವಾಸನೆ ಹೋಯ್ತು, ತಿಂಗಳು ಬಿಟ್ಟು ಮತ್ತೆ ಬಂತು, ಮತ್ತೆ ಐದು ದಿನ. ಕೊಳೆತ ಹಲ್ಲು ಒಳಗೇ ಇರೋವರೆಗೆ ಇದು ನಿಲ್ಲಲ್ಲ. ಎಕ್ಸ್‌ರೇ ತೆಗೆಸಿ, ಯಾವ ಹಲ್ಲು ಅಂತ ಗೊತ್ತು ಮಾಡಿ, ಹಲ್ಲು ಕೀಳಿಸಿ, ಬೇಕಾದ್ರೆ ಮೂಳೆಗೆ ಸಣ್ಣ ತೂತು ಮಾಡಿ ಸೈನಸ್ ಸಲೈನಲ್ಲಿ ತೊಳೆಸಬೇಕು. ದಾವಣಗೆರೆಯೋರಿಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಹತ್ರ, ಹಿರಿಯೂರು ಕಡೆಯೋರಿಗೆ ಬೆಂಗಳೂರಿನ ಹೆಬ್ಬಾಳದ ಕಾಲೇಜಿಗೆ ಹೆದ್ದಾರಿ ನೇರ ಐತೆ. ಹೋಗೋ ಮೊದ್ಲು ಫೋನ್ ಮಾಡಿ ಕುದುರೆಗೆ ಎಕ್ಸ್‌ರೇ ಯಾವ ದಿನ ಮಾಡ್ತಾರೆ ಕೇಳ್ಕೊಳ್ರಿ. ಅಂದಹಾಗೆ ಎರಡೂವರೆಯಿಂದ ನಾಲ್ಕು ವರ್ಷದ ಮರಿಗಳಿಗೆ ಕೆಳದವಡೆ ಅಂಚಲ್ಲಿ ಎರಡೂ ಕಡೆ ಸಮನಾಗಿ ಗಟ್ಟಿ ಗುಬುಟು ಏಳ್ತಾವೆ, ನೋವಿರಲ್ಲ, ಅದು ಹೊಸ ಹಲ್ಲು ಬರೋ ಗುರುತು, ಅದಕ್ಕೆ ಏನೂ ಮಾಡಬೇಡ್ರಿ.

ಎರಡೂ ಕಡೆ, ನಿಧಾನಕ್ಕೆ, ಗಟ್ಟಿಯಾಗಿ: ಇದು ಮೇವಿನ ಕಾಯಿಲೆ

ಈ ಭಾಗವನ್ನ ನಮ್ಮ ಜಿಲ್ಲೆಯೋರು ದಯವಿಟ್ಟು ನಿಧಾನವಾಗಿ ಓದ್ರಿ, ಯಾಕಂದ್ರೆ ದಾವಣಗೆರೆ ಸುತ್ತ ಅಕ್ಕಿ ಗಿರಣಿ ಜಾಸ್ತಿ, ತೌಡು ಸಿಗುತ್ತೆ, ಮೆಕ್ಕೆಜೋಳ ಅಂತೂ ನಮ್ಮ ಮುಖ್ಯ ಬೆಳೆ, ಅದರ ಜೊತೆ ಗೋಧಿ ಬೂಸಾ, ಇಷ್ಟನ್ನೇ ಕುದುರೆಗೆ ತಿನ್ಸೋದು ಸುಲಭ ಆಗಿಬಿಟ್ಟೈತೆ. ಈ ಮೂರರಲ್ಲೂ ರಂಜಕ ಜಾಸ್ತಿ, ಕ್ಯಾಲ್ಸಿಯಂ ಬಹಳ ಕಮ್ಮಿ. ರಕ್ತದಲ್ಲಿ ಕ್ಯಾಲ್ಸಿಯಂ ಕಮ್ಮಿ ಆಗದಂಗೆ ದೇಹ ಮೂಳೆಯಿಂದ ಕಿತ್ತು ಕಿತ್ತು ತಗೊಳ್ಳುತ್ತೆ, ಖಾಲಿ ಆದ ಮೂಳೆ ಜಾಗದಲ್ಲಿ ನಾರು ತುಂಬ್ಕೊಳ್ಳುತ್ತೆ, ಮುಖದ ಮೂಳೆ ಎರಡೂ ಕಡೆ ಉಬ್ಬುತ್ತೆ. ತಿಂಗಳುಗಟ್ಟಲೆ ನಡೆಯೋ ಕೆಲಸ ಇದು, ದಿನಾ ನೋಡೋರ ಕಣ್ಣಿಗೆ ಬೀಳಲ್ಲ, ಹಬ್ಬಕ್ಕೆ ಬಂದ ನೆಂಟರು "ಏನ್ರೀ ನಿಮ್ ಕುದುರೆ ಮುಖ ಇಷ್ಟು ಅಗಲ ಆಗೈತೆ" ಅಂದಾಗ್ಲೇ ಗೊತ್ತಾಗೋದು. ಮುಖ ಉಬ್ಬೋಕೂ ಮೊದ್ಲೇ ಒಂದಿನ ಈ ಕಾಲು ಒಂದಿನ ಆ ಕಾಲು ಕುಂಟುತ್ತೆ, ಹೆಜ್ಜೆ ಬಿಗಿಯಾಗುತ್ತೆ, ಹಲ್ಲು ಸಡಿಲ ಆಗುತ್ತೆ, ಮೂಗಿನ ದಾರಿ ಕಿರಿದಾಗಿ ಉಸಿರಲ್ಲಿ ಸದ್ದು ಬರುತ್ತೆ.

ಲೆಕ್ಕ ಹಾಕಿ ನೋಡೋಣ. 250 ಕೆಜಿಯ ತಟ್ಟುಗೆ ದಿನಕ್ಕೆ ಸುಮಾರು 10 ಗ್ರಾಂ ಕ್ಯಾಲ್ಸಿಯಂ, 7 ಗ್ರಾಂ ರಂಜಕ ಬೇಕು. 2 ಕೆಜಿ ಗೋಧಿ ಬೂಸಾ ಹಾಕಿದ್ರೆ ಅದರಲ್ಲಿ ರಂಜಕ 22 ಗ್ರಾಂ ಹತ್ರ ಹತ್ರ, ಕ್ಯಾಲ್ಸಿಯಂ 3 ಗ್ರಾಂ ಕೂಡ ಇಲ್ಲ. ಆಗಬೇಕಾದ್ದು ಕ್ಯಾಲ್ಸಿಯಮ್ಮೇ ಜಾಸ್ತಿ, ರಂಜಕ 1 ಪಾಲು ಇದ್ರೆ ಕ್ಯಾಲ್ಸಿಯಂ ಒಂದೂವರೆ ಎರಡು ಪಾಲು, ಏನೇ ಆದ್ರೂ ರಂಜಕಕ್ಕಿಂತ ಕಮ್ಮಿ ಆಗಬಾರದು. ಹಂಗಾಗಿ ಮೊದಲ ಕೆಲಸ ಬೂಸಾ ತೌಡು ಇಳಿಸೋದು, ಒಂದೇ ದಿನಕ್ಕೆ ನಿಲ್ಲಿಸಿದ್ರೆ ಹೊಟ್ಟೆ ಕೆಡುತ್ತೆ, ವಾರ ಹತ್ತು ದಿನದಲ್ಲಿ ಇಳಿಸ್ತಾ ಬರ್ರಿ. ಆ ಜಾಗಕ್ಕೆ ಹುಲ್ಲು ಜಾಸ್ತಿ ಮಾಡ್ರಿ, ಕುದುರೆ ಮೆಂತ್ಯ (ಲೂಸರ್ನ್ ಮೇವು) ಬೆಳೆಯೋಕೆ ನೀರಿದ್ರೆ ಅದಕ್ಕಿಂತ ಒಳ್ಳೇದಿಲ್ಲ, ಕ್ಯಾಲ್ಸಿಯಂ ಚೆನ್ನಾಗೈತೆ. ಬೂಜು ಹಿಡಿಯದ, ಮಣ್ಣು ಕೊಡವಿದ ಶೇಂಗಾ ಹೊಟ್ಟು ಕೂಡ ಆಗುತ್ತೆ. ಹುರುಳಿ ಬೇಯಿಸಿ ಕೊಡೋರು ಕೊಡ್ರಿ, ಅದರಲ್ಲಿ ಬೂಸಾದಷ್ಟು ಏರುಪೇರು ಇಲ್ಲ. ನೇಪಿಯರ್ ಹುಲ್ಲು ಮಾತ್ರ ಒಂದನ್ನೇ ನಂಬ್ಕೋಬೇಡ್ರಿ, ಅದರಲ್ಲಿರೋ ಆಕ್ಸಲೇಟ್ ಕ್ಯಾಲ್ಸಿಯಮ್ಮನ್ನ ಕರುಳಲ್ಲೇ ಕಟ್ಟಿಹಾಕುತ್ತೆ.

ಜೊತೆಗೆ ಪಶು ಆಹಾರದ ದರ್ಜೆಯ ಸುಣ್ಣದಕಲ್ಲಿನ ಪುಡಿ, ಅಂದ್ರೆ ಕ್ಯಾಲ್ಸಿಯಂ ಕಾರ್ಬೋನೇಟ್, 50 ಗ್ರಾಂ ಹಾಕಿದ್ರೆ 19 ಗ್ರಾಂ ಕ್ಯಾಲ್ಸಿಯಂ ಸಿಗುತ್ತೆ, ಎಷ್ಟು ದಿನ ಎಷ್ಟು ಅಂತ ನಿಮ್ಮ ಮೇವು ನೋಡಿ ಡಾಕ್ಟ್ರು ಹೇಳ್ತಾರೆ. ಎಲೆಅಡಿಕೆಗೆ ಹಚ್ಚೋ ಸುಣ್ಣ ಅಲ್ಲ ಇದು, ಆ ಸುಣ್ಣ ಬಾಯಿ ಕರುಳು ಸುಡುತ್ತೆ. ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್) ಪುಡಿನೂ ಬೇಡ, ಅದರಲ್ಲಿ ಮತ್ತೆ ರಂಜಕ ಐತೆ. ದನದ ಇಲ್ಲ ಕೋಳಿಯ ರೆಡಿಮೇಡ್ ಫೀಡ್ ಯಾವತ್ತೂ ಹಾಕಬೇಡ್ರಿ, ಕೆಲವದರಲ್ಲಿ ಮೊನೆನ್ಸಿನ್ ಅನ್ನೋ ಔಷಧಿ ಸೇರ್ಸಿರ್ತಾರೆ, ಅದು ಕುದುರೆ ಹೃದಯಕ್ಕೆ ವಿಷ. ಮೇವು ತಿದ್ದಿದ ಮೇಲೆ ಕುಂಟು ವಾರ ತಿಂಗಳುಗಳಲ್ಲಿ ಕಮ್ಮಿ ಆಗುತ್ತೆ, ಉಬ್ಬಿದ ಮುಖ ಪೂರ್ತಿ ಮೊದಲಿನಂಗೆ ಆಗದೇ ಇರಬಹುದು. ಅಲ್ಲಿವರೆಗೆ ಓಡಿಸಬೇಡ್ರಿ, ಕುಣಿಸಬೇಡ್ರಿ, ಹೇರು ಹೊರಿಸಬೇಡ್ರಿ, ಮೂಳೆ ಸುಲಭಕ್ಕೆ ಮುರಿಯುತ್ತೆ.

ಪೆಟ್ಟು, ಮುಳ್ಳು, ಕಣ್ಣು

ಇನ್ನೊಂದು ಕುದುರೆ ಒದ್ದಿದ್ದು ಗೊತ್ತಿದ್ರೆ ತಣ್ಣೀರು ಪಟ್ಟಿ 15 ನಿಮಿಷ, ಮೊದಲ ಎರಡು ದಿನ ಶಾಖ ಬೇಡ, ತಿಕ್ಕಬೇಡ್ರಿ. ಮೂಗಿಂದ ರಕ್ತ ಬಂದ್ರೆ, ಮುಖ ಒಂದು ಕಡೆ ಗುಳಿ ಬಿದ್ರೆ ಮೂಳೆ ಮುರಿದೈತೆ. ಬಳ್ಳಾರಿ ಜಾಲಿ ಮುಳ್ಳು ಚುಚ್ಚಿ ಒಳಗೇ ಮುರ್ಕೊಂಡ್ರೆ ಸಣ್ಣ ಗಂಟಾಗಿ ಕೀವು ಸೋರ್ತಾನೇ ಇರುತ್ತೆ, ತೆಗೆಸಬೇಕು. ಎಷ್ಟು ಸಣ್ಣ ಗಾಯ ಆದ್ರೂ ಟೆಟನಸ್ ಇಂಜೆಕ್ಷನ್ ಬಿಡಬೇಡ್ರಿ, ಧನುರ್ವಾಯು ಕುದುರೆಗೆ ಬಂದಷ್ಟು ಸುಲಭವಾಗಿ ಬೇರೆ ಸಾಕುಪ್ರಾಣಿಗೆ ಬರಲ್ಲ. ಕಣ್ಣು ಬಾತು ಮುಚ್ಕೊಂಡು ನೀರು ಸುರಿದ್ರೆ ಅದೇ ದಿನ ತೋರಿಸ್ರಿ, ಡಾಕ್ಟ್ರು ಬಣ್ಣದ ಹನಿ ಹಾಕಿ ಕಣ್ಣುಗುಡ್ಡೆ ಮೇಲೆ ಹುಣ್ಣೈತಾ ನೋಡ್ತಾರೆ, ಅದಕ್ಕೂ ಮೊದ್ಲು ಮನೇಲಿರೋ ಸ್ಟೀರಾಯ್ಡ್ ಹನಿ ಹಾಕಿದ್ರೆ ಹುಣ್ಣು ಕಣ್ಣನ್ನೇ ತಿಂದುಬಿಡಬಹುದು.

ತುಟಿ ಒಂದು ಕಡೆ ಎಳ್ಕೊಂಡು ಇನ್ನೊಂದು ಕಡೆ ಕಿವಿ ರೆಪ್ಪೆ ಜೋತು ಬಿದ್ರೆ ಅದು ಬಾವಲ್ಲ, ಮುಖದ ನರ ಸೋತಿರೋದು, ಮುಖದ ಹಗ್ಗದ ಕಬ್ಬಿಣದ ಬಳೆ ಕೆನ್ನೆಗೆ ಒತ್ತಿ ಮಲಗಿದ್ರೂ ತುಟಿ ಹಿಂಗೆ ಎಳ್ಕೊಳ್ಳುತ್ತೆ. ಮಳೆಗಾಲ ಮುಗಿಯುವಾಗ ಬಿಟ್ಟು ಬಿಟ್ಟು ಜ್ವರ, ಮೇವು ತಿಂದ್ರೂ ಬಡಕಲು, ಒಸಡು ಬಿಳಿಚು, ಕಾಲು ಹೊಟ್ಟೆ ಜೊತೆ ಮುಖನೂ ಬಾತ್ರೆ ಸರ್ರಾ ಅನ್ನೋ ರಕ್ತದ ಕಾಯಿಲೆ ಇರಬಹುದು, ಕಚ್ಚೋ ದೊಡ್ಡ ನೊಣದಿಂದ ಬರುತ್ತೆ, ಜ್ವರ ಇರೋ ಹೊತ್ತಲ್ಲೇ ರಕ್ತ ಪರೀಕ್ಷೆ ಮಾಡಿಸ್ರಿ.

ಔಷಧಿ ಹಾಕ್ಸೋ ಮೊದ್ಲು ತೂಕ

ದನದ ಲೆಕ್ಕ ಕುದುರೆಗೆ ಆಗಲ್ಲ, ಕುದುರೆ ಲೆಕ್ಕ ತಟ್ಟುಗೆ ಆಗಲ್ಲ. ಟೇಪು ಹಿಡಿದು ಮುಂಗಾಲ ಹಿಂದೆ ಎದೆ ಸುತ್ತಳತೆ, ಎದೆ ಮುಂಭಾಗದಿಂದ ಪೃಷ್ಠದ ತುದಿವರೆಗೆ ಉದ್ದ, ಎರಡೂ ಸೆಂ.ಮೀ.ನಲ್ಲಿ ತಗೊಳ್ರಿ. ಸುತ್ತಳತೆಯನ್ನ ಸುತ್ತಳತೆಯಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದ್ರೆ ಕೆಜಿ ಬರುತ್ತೆ, ಸುತ್ತಳತೆ 140 ಉದ್ದ 130 ಇದ್ರೆ ಸುಮಾರು 214 ಕೆಜಿ. ಈ ಅಂಕಿ ಬರೆದಿಟ್ಕೊಂಡು ಡಾಕ್ಟ್ರಿಗೆ ಹೇಳ್ರಿ. ಫ್ಲೂನಿಕ್ಸಿನ್ ನೋವಿನ ಮದ್ದು ಮಾಂಸಕ್ಕೆ ಚುಚ್ಚಿಸಬೇಡ್ರಿ, ಆ ಜಾಗ ಕೊಳೆತು ಕುದುರೆ ಸತ್ತಿರೋದು ಐತೆ, ರಕ್ತನಾಳಕ್ಕೇ ಕೊಡಬೇಕು, ಅದು ಡಾಕ್ಟ್ರ ಕೆಲಸ. ಪ್ರೋಕೇನ್ ಪೆನಿಸಿಲಿನ್ ಇದಕ್ಕೆ ಉಲ್ಟಾ, ಮಾಂಸಕ್ಕೇ ಕೊಡಬೇಕು, ರಕ್ತನಾಳಕ್ಕೆ ಹೋಗಲೇಬಾರದು. ಎರಡು ಥರ ನೋವಿನ ಮದ್ದು ಒಟ್ಟಿಗೆ ಬೇಡ. ಸ್ಟೀರಾಯ್ಡ್ ಬಾವು ಬೇಗ ಇಳಿಸುತ್ತೆ ಅಂತ ಸುಮ್ನೆ ಹಾಕ್ಸಿದ್ರೆ ಗೊರಸಿನ ಉರಿಯೂತ ಬಂದು ನಿಲ್ಲೋಕೇ ಆಗದಂಗೆ ಆಗಬಹುದು. ಡೈಕ್ಲೋಫೆನಾಕ್ ಅನ್ನೋ ನೋವಿನ ಮದ್ದು ಅಂತೂ, ಅದನ್ನ ಹಾಕಿದ ಪ್ರಾಣಿಯ ಹೆಣ ತಿಂದು ರಣಹದ್ದುಗಳು ಸಾಯ್ತಾವೆ ಅಂತ 2006ರಲ್ಲೇ ಪ್ರಾಣಿಗಳಿಗೆ ನಿಷೇಧ ಆಗೈತೆ, ಯಾರಾದ್ರೂ ಕೊಟ್ರೆ ವಾಪಸ್ ಕೊಡ್ರಿ.

ಬಾವು ಇಳಿಯೋವರೆಗೆ ಮೇವು ಎಲ್ಲಿ ಇಡಬೇಕು ಅನ್ನೋದೂ ಕಾಯಿಲೆ ನೋಡಿನೇ. ಹಾವು, ಜೇನು ಕಚ್ಚಿದ್ದಕ್ಕೆ, ನೀರು ತುಂಬಿದ ಊತಕ್ಕೆ ಎದೆ ಎತ್ತರದ ಗೋದಲೆಯಲ್ಲಿ ಇಡ್ರಿ. ಸ್ಟ್ರಾಂಗಲ್ಸ್, ಸೈನಸ್ ಕೀವಿಗೆ ಉಲ್ಟಾ, ನೆಲದ ಮೇಲೆ ಹಾಕ್ರಿ, ತಲೆ ಬಗ್ಗಿಸಿ ತಿಂದಷ್ಟೂ ಕೀವು ಹೊರಗೆ ಇಳಿಯುತ್ತೆ, ಆದ್ರೆ ಆ ಜಾಗ ದಿನಾ ತೊಳೆದು, ಉಳಿದ ಮೇವನ್ನ ಬೇರೆ ಕುದುರೆ ಬಾಯಿ ಹಾಕದಂಗೆ ಸುಡ್ರಿ.